'ಇರ್' ಅಂದ್ರೆ ಹೋಗು, 'ಬಾ' ಅಂದ್ರೆ ಹೋಗ್ತಾನೆ!

ಓದುಗರ ಪ್ರಶ್ನೆ, ಸ್ಪ್ಯಾನಿಷ್ ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ಕ್ರಿಯಾಪದದ ಮೇಲಿನ ದೂರು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಪುಟವನ್ನು ಪೂರ್ತಿ 'ಇರ್' ಅನ್ನುವ ಆ ಪುಣ್ಯಾತ್ಮನಿಗೇ ಬಿಟ್ಟುಕೊಟ್ಟಿದ್ದೇನೆ. ಸ್ಪ್ಯಾನಿಷ್ ಪದಗಳನ್ನು ಕಿವಿಗೆ ಕೇಳಿಸುವ ಹಾಗೆ ಬರೆದಿದ್ದೇನೆ. ಅಲ್ಲಿ 'ವಿ' ಅಕ್ಷರವೂ 'ಬಿ' ಅಕ್ಷರವೂ ಬಾಯಲ್ಲಿ 'ಬ'ನೇ. 'ಎಚ್' ಬರೀತಾರೆ, ಆದರೆ ಉಚ್ಚರಿಸುವುದಿಲ್ಲ.

ಪ್ರಶ್ನೆ: ಮೊಬೈಲ್ ಆಪ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. 'ಇರ್' ಅಂದರೆ ಹೋಗು ಅಂತ ಹೇಳಿಕೊಟ್ಟಿತು. ಆಮೇಲೆ ನೋಡಿದರೆ 'ಹೋಗ್ತೀನಿ' ಅನ್ನೋಕೆ 'ಬೊಯ್', 'ಹೋದೆ' ಅನ್ನೋಕೆ 'ಫ್ವಿ', 'ಹೋಗ್ತಿದ್ದೆ' ಅನ್ನೋಕೆ 'ಇಬಾ'. ಒಂದರ ಮುಖ ಇನ್ನೊಂದಕ್ಕಿಲ್ಲ. ಸಾಲದ್ದಕ್ಕೆ 'ಅವನು ಹೋಗ್ತಾನೆ' ಅನ್ನೋದು 'ಬಾ' ಅಂತೆ! ಏನು ಮೇಡಂ ಇದು?
ತುಮಕೂರಿನ ಬಿ.ಕಾಂ. ವಿದ್ಯಾರ್ಥಿ

ಉತ್ತರ: ನಮ್ಮಲ್ಲಿ 'ಇರು' ಅಂದರೆ ಹೋಗಬೇಡ, ನಿಲ್ಲು ಅಂತ. ಅವರಲ್ಲಿ 'ಇರ್' ಅಂದರೆ ಹೋಗು. ನಾವು 'ಬಾ' ಅಂತ ಹತ್ತಿರ ಕರೆಯುತ್ತೇವೆ, ಅವರು 'ಬಾ' ಅಂದರೆ ಆಸಾಮಿ ಹೊರಟ ಅಂತ. ಹೊಸ ಬ್ಯಾಚ್ ಶುರುವಾದಾಗಲೆಲ್ಲ ಕ್ಲಾಸು ಈ ಜಾಗದಲ್ಲಿ ನಗುತ್ತದೆ. ನಗಲಿ, ನಕ್ಕಿದ್ದು ಮರೆತುಹೋಗುವುದಿಲ್ಲ.

ಮುಖ ಹೋಲದಿರುವುದಕ್ಕೆ ಕಾರಣ ಇದೆ. ಇವು ಒಂದೇ ಮನೆಯವಲ್ಲ. ಲ್ಯಾಟಿನ್‌ನಲ್ಲಿ ಬೇರೆ ಬೇರೆಯಾಗಿದ್ದ ಮೂರು ಕ್ರಿಯಾಪದಗಳು ಸ್ಪ್ಯಾನಿಷ್ ಆಗುವ ಹೊತ್ತಿಗೆ ಒಂದಾಗಿಬಿಟ್ಟವು. ಮೊದಲನೆಯದು 'ಈರೆ', ಅಂದರೆ ಹೋಗು. ಸಿನಿಮಾ ಥಿಯೇಟರಿನ ಬಾಗಿಲ ಮೇಲೆ ಹೊಳೆಯುತ್ತದಲ್ಲ 'ಎಕ್ಸಿಟ್' ಅಂತ, ಅದರೊಳಗೆ ಕೂತಿರುವುದು ಇದೇ ಈರೆ. ಎರಡನೆಯದು 'ವಾದೆರೆ', ಅಂದರೆ ನಡೆ, ನುಗ್ಗು. ಇಂಗ್ಲಿಷಿನ 'ಇನ್ವೇಡ್' ಇದರಿಂದ ಬಂದದ್ದು. ಮೂರನೆಯದು 'ಎಸ್ಸೆ', ಅಂದರೆ ಇರು. ಹೌದು, ನಮ್ಮ 'ಇರು' ಅನ್ನುವ ಅರ್ಥದ ಇರು.

ಪಾಪ, ಈರೆಯ ಕಷ್ಟ ಅಂದರೆ ಅದು ತೀರಾ ಪುಟ್ಟದು. ಲ್ಯಾಟಿನ್‌ನಲ್ಲಿ 'ನೀನು ಹೋಗ್ತೀಯ' ಅನ್ನೋಕೆ ಬರೀ 'ಈಸ್', 'ಅವನು ಹೋಗ್ತಾನೆ' ಅನ್ನೋಕೆ ಬರೀ 'ಇತ್'. ಮಾತಿನ ಭರದಲ್ಲಿ ನುಂಗಿಹೋಗುವಷ್ಟು ಸಣ್ಣದು. ಆ ಜಾಗದಲ್ಲಿ ಜನ ಸ್ವಲ್ಪ ಗಟ್ಟಿಯಾಗಿ ಕೇಳಿಸುವ ವಾದೆರೆಯನ್ನು ತಂದು ಕೂರಿಸಿಕೊಂಡರು. ಅಲ್ಲಿಂದ ಬಂದದ್ದು ವರ್ತಮಾನ: ಬೊಯ್ (ನಾನು), ಬಾಸ್ (ನೀನು), ಬಾ (ಅವನು, ಅವಳು), ಬಾಮೊಸ್ (ನಾವು), ಬಾಯ್ಸ್ (ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಹೇಳುವ ನೀವು), ಬಾನ್ (ಅವರು).

ಈರೆ ಪೂರ್ತಿ ಸಾಯಲಿಲ್ಲ. ಸ್ವಲ್ಪ ಉದ್ದ ಇದ್ದ ಕಡೆ ಉಳಿದುಕೊಂಡಿತು. 'ಹೋಗ್ತಿದ್ದೆ' ಅನ್ನುವ ಸಾಲು ಅದರದೇ: ಇಬಾ, ಇಬಾಸ್, ಇಬಾ, ಇಬಾಮೊಸ್, ಇಬಾಯ್ಸ್, ಇಬಾನ್. ಭವಿಷ್ಯತ್ತೂ ಅದರದೇ: ಇರೆ, ಇರಾಸ್, ಇರಾ, ಇರೆಮೊಸ್, ಇರೆಯ್ಸ್, ಇರಾನ್. ಕೊನೆಯದು 'ಅವರು ಹೋಗ್ತಾರೆ' ಅಂತ. ಟೆಹರಾನ್ ಇರುವ ದೇಶದ ಹೆಸರನ್ನೂ ಅವರು ಹೀಗೇ ಹೇಳುವುದು. ಇನ್ನು 'ಹೋದೆ' ಅನ್ನುವ ಸಾಲನ್ನು ಎಸ್ಸೆಯಿಂದ ಕಡ ತಂದರು: ಫ್ವಿ, ಫ್ವಿಸ್ತೆ, ಫ್ವೆ, ಫ್ವಿಮೊಸ್, ಫ್ವಿಸ್ತೆಯ್ಸ್, ಫ್ವೆರೊನ್.

ಇಂಥದ್ದು ಸ್ಪ್ಯಾನಿಷ್‌ನಲ್ಲಿ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲಿಷಿನ 'ಗೋ'ಗೆ 'ವೆಂಟ್' ಹೇಗೆ ಬಂತು? 'ವೆಂಡ್' ಅನ್ನುವ ಬೇರೆಯದೇ ಕ್ರಿಯಾಪದದಿಂದ. ನಮ್ಮಲ್ಲಿ ಬೇರುಗಳು ಹೀಗೆ ಬೆರೆತಿಲ್ಲ, ಆದರೆ ಬಾ, ಬನ್ನಿ, ಬಂದ, ಬರ್ತಾನೆ, ಬಾರದು ಅಂತ ಸಾಲಾಗಿ ಬರೆದು ಕನ್ನಡ ಕಲಿಯುತ್ತಿರುವ ಹೊರಗಿನವರೊಬ್ಬರಿಗೆ ತೋರಿಸಿ, ಅವರ ಮುಖ ನೋಡಿ. ದಿನವಿಡೀ ಬಾಯಲ್ಲಿ ಓಡಾಡುವ ಪದಗಳೇ ನಿಯಮಕ್ಕೆ ಬಗ್ಗದೆ ಉಳಿಯುವುದು. ಅಪರೂಪದ ಕ್ರಿಯಾಪದದ ಹಳೇ ರೂಪ ಜನಕ್ಕೆ ಮರೆತುಹೋಗುತ್ತದೆ, ಆಗ ನಿಯಮ ಹಚ್ಚಿ ಹೊಸದು ಮಾಡಿಕೊಳ್ಳುತ್ತಾರೆ. 'ಹೋಗು' 'ಬಾ'ಗಳನ್ನು ಮರೆಯೋಕೆ ಯಾರಿಗೆ ಪುರುಸೊತ್ತಿದೆ?

ಒಂದು ಎಚ್ಚರಿಕೆ. ಫ್ವಿ ಅಂದರೆ 'ನಾನು ಹೋದೆ', ಫ್ವೆ ಅಂದರೆ 'ಅವನು ಹೋದ'. ನಮ್ಮ ಹುಡುಗರು ಇದನ್ನು ಅದಲುಬದಲು ಮಾಡುತ್ತಾರೆ. ಕಾರಣವೂ ಇದೆ. ಕನ್ನಡದಲ್ಲಿ 'ಹೋದೆ' ಅನ್ನುವಾಗ ಕೊನೆಗೆ ಎಕಾರ. ಸ್ಪ್ಯಾನಿಷ್‌ನ ಸಾಧು (ಅಂದರೆ ನಿಯಮಕ್ಕೆ ಬಗ್ಗುವ) ಕ್ರಿಯಾಪದಗಳಲ್ಲೂ 'ನಾನು ಮಾತಾಡಿದೆ' ಅನ್ನೋಕೆ 'ಅಬ್ಲೆ', ಎಕಾರವೇ. ಹಾಗಾಗಿ ಬಾಯಿ ತಾನಾಗಿ ಫ್ವೆ ಕಡೆ ಜಾರುತ್ತದೆ. ಇದೊಂದನ್ನು ಹಟ ಹಿಡಿದು ತಿದ್ದಿಕೊಳ್ಳಿ.

ಪ್ರಶ್ನೆ: 'ಫ್ವಿ' ಅಂದರೆ 'ಹೋದೆ' ಅಂತಲೂ ಹೌದು, 'ಆಗಿದ್ದೆ' ಅಂತಲೂ ಹೌದು ಅಂತ ಪುಸ್ತಕದಲ್ಲಿದೆ. ಹಾಗಾದರೆ ಎದುರಿನವರಿಗೆ ಯಾವುದು ಅಂತ ಹೇಗೆ ತಿಳಿಯುತ್ತದೆ?
ಉಡುಪಿಯಿಂದ ಒಬ್ಬ ಬ್ಯಾಂಕ್ ಉದ್ಯೋಗಿ

ಉತ್ತರ: ಪಕ್ಕದ ಪದದಿಂದ. ನಮ್ಮ 'ಗೆ' ಪ್ರತ್ಯಯದ ಕೆಲಸವನ್ನು ಅಲ್ಲಿ 'ಆ' ಅನ್ನುವ ಪುಟ್ಟ ಪದ ಮಾಡುತ್ತದೆ. 'ಲಾ ಬೋದಾ ಫ್ವೆ ಎನ್ ಸೆಬಿಯಾ' ಅಂದರೆ ಮದುವೆ ಸೆವಿಲ್‌ನಲ್ಲಿ ಆಯಿತು. 'ಫ್ವೆ ಆ ಲಾ ಬೋದಾ' ಅಂದರೆ ಮದುವೆಗೆ ಹೋದ. ಗೊಂದಲ ಎಲ್ಲಿ ಬಂತು? ಕನ್ನಡದಲ್ಲಿ ಆಗು, ಹೋಗು ಎರಡೂ ಜೋಡೆತ್ತಿನ ಹಾಗೆ ಓಡುತ್ತವೆ ಅಲ್ವಾ: ಆದೆ, ಹೋದೆ, ಆಯ್ತು, ಹೋಯ್ತು. ನಡುವೆ ಒಂದೇ ಅಕ್ಷರದ ಗೋಡೆ. ಸ್ಪ್ಯಾನಿಷ್‌ನವರು ಆ ಗೋಡೆಯನ್ನೂ ಒಡೆದುಹಾಕಿದ್ದಾರೆ, ಅಷ್ಟೇ. ಪೋರ್ಚುಗೀಸರಲ್ಲೂ ಇದೇ ಕತೆ.

ಪ್ರಶ್ನೆ: ಮನೆಯವರ ಕೆಲಸದಿಂದಾಗಿ ಸ್ಪೇನಿನ ವಲೆನ್ಸಿಯಾಕ್ಕೆ ಬಂದು ನೆಲೆಸಿದ್ದೇವೆ. ಪಕ್ಕದ ಮನೆಯಾಕೆಗೆ 'ನಿನ್ನೆ ಮಾರ್ಕೆಟ್‌ಗೆ ಹೋಗಿದ್ದೆ' ಅಂತ ಹೇಳಲು 'ಅಯೆರ್ ಅಬಿಯಾ ಇದೊ ಆಲ್ ಮೆರ್ಕಾದೊ' ಅಂದೆ. ಆಕೆ 'ಸರಿ, ಆಮೇಲೆ?' ಅನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಏನೂ ಇರಲಿಲ್ಲ! ವ್ಯಾಕರಣ ಸರಿಯಾಗಿಯೇ ಇತ್ತಲ್ಲ?
ವಲೆನ್ಸಿಯಾದಿಂದ, ಮೂಲ ಹಾಸನದವರು

ಉತ್ತರ: ಇದು ಬಹಳ ಒಳ್ಳೆಯ ಪತ್ರ. ಉತ್ತರ ಉದ್ದವಾದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಸಂತೋಷದ ಸುದ್ದಿ. ಸ್ಪ್ಯಾನಿಷ್ ಕಲಿಯುವ ಇಂಗ್ಲಿಷಿನವರು ಒದ್ದಾಡುವುದೇ ಫ್ವಿ ಮತ್ತು ಇಬಾ ನಡುವೆ. ಅವರ 'ವೆಂಟ್' ಎರಡೂ ಕಡೆ ನಡೆಯುತ್ತದೆ. ನಮಗೆ ಆ ತೊಂದರೆ ಇಲ್ಲ. 'ಹೋದೆ' ಬೇರೆ, 'ಹೋಗ್ತಿದ್ದೆ' ಬೇರೆ. 'ಚಿಕ್ಕವಳಿದ್ದಾಗ ಬೇಸಿಗೆಗೆ ಅಜ್ಜಿ ಮನೆಗೆ ಹೋಗ್ತಿದ್ದೆ' ಅನ್ನೋಕೆ ಇಬಾ. 'ಮಾರ್ಕೆಟ್‌ಗೆ ಹೋಗ್ತಿದ್ದೆ, ಮಳೆ ಶುರುವಾಯ್ತು' ಅನ್ನೋಕೂ ಇಬಾ: 'ಇಬಾ ಆಲ್ ಮೆರ್ಕಾದೊ ಇ ಎಂಪೆಥೊ ಆ ಯೊಬೆರ್'. ಅಭ್ಯಾಸ, ನಡುದಾರಿ, ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ, ಅಲ್ಲೂ ಒಂದೇ ರೂಪ. 'ನಿಮಗೆ ಫೋನ್ ಮಾಡೋಣ ಅಂತಿದ್ದೆ' ಅನ್ನೋದಕ್ಕೂ ಇದೇ ಬರುತ್ತದೆ: 'ಇಬಾ ಆ ಯಮಾರ್ತೆ'. ನನ್ನ ಕ್ಲಾಸಿಗೆ ಬರುವವರಿಗೆ ಮೊದಲು ಹೇಳುವುದೇ ಇದು: ತಲೆಯಲ್ಲಿ ಇಂಗ್ಲಿಷ್ ಮಾಡಿಕೊಂಡು ಆಮೇಲೆ ಸ್ಪ್ಯಾನಿಷ್ ಮಾಡಬೇಡಿ. ಸುಮ್ನೆ ಸುತ್ತು ದಾರಿ. ನೇರ ಕನ್ನಡದಿಂದ ಹೋಗಿ.

ಒಂದೇ ಕಡೆ ಹುಷಾರು. ಮೂರು ವರ್ಷ, ಆರು ತಿಂಗಳು ಅಂತ ಲೆಕ್ಕ ಹೇಳಿ ಮುಗಿಸಿದರೆ ಅವರು ಫ್ವಿ ಅನ್ನುತ್ತಾರೆ. 'ಮೂರು ವರ್ಷ ಸಂಗೀತಕ್ಕೆ ಹೋಗ್ತಿದ್ದೆ' ಅಂತ ನಾವು ಧಾರಾಳವಾಗಿ ಹೇಳುತ್ತೇವೆ, ಅಲ್ಲಿ ಅದು ಫ್ವಿ.

ಈಗ ನಿಮ್ಮ ಪಕ್ಕದ ಮನೆಯಾಕೆ. ಕನ್ನಡ ನಮ್ಮ ಕೈ ಹಿಡಿದು ನಡೆಸಿಕೊಂಡು ಹೋಗಿ, ಸರಿಯಾಗಿ ಈ ಜಾಗದಲ್ಲಿ ಕೈಬಿಡುತ್ತದೆ. ನಾವು 'ನಿನ್ನೆ ಮಾರ್ಕೆಟ್‌ಗೆ ಹೋಗಿದ್ದೆ' ಅನ್ನುವುದು ಯಾಕೆ? ಹೋಗಿ ಬಂದದ್ದಾಯಿತು, ವಿಷಯ ಮುಗಿಯಿತು ಅಂತ ತಿಳಿಸೋಕೆ. ಅದೇ 'ನಿನ್ನೆ ಮಾರ್ಕೆಟ್‌ಗೆ ಹೋದೆ' ಅಂತ ನಿಲ್ಲಿಸಿ ನೋಡಿ. ಕೇಳುವವರು 'ಹ್ಞೂಂ, ಹೋದೆ, ಆಮೇಲೆ?' ಅಂತ ಕಾಯುತ್ತಾರೆ. ಯಾಕೆಂದರೆ ಹೋದೆ, ನೋಡಿದೆ, ತಂದೆ ಅಂತ ಕತೆ ಮುಂದುವರಿಯಬೇಕು. ಸ್ಪ್ಯಾನಿಷ್‌ನಲ್ಲಿ ಇದು ಪೂರ್ತಿ ಉಲ್ಟಾ. ಫ್ವಿ ಅಂದರೆ ಮಾತು ಮುಗಿಯಿತು. 'ಅಬಿಯಾ ಇದೊ' ಅಂದರೆ ಇನ್ನೇನೋ ಆಗುವ ಮುಂಚೆಯೇ ಹೋಗಿಯಾಗಿತ್ತು ಅಂತ. ಆ 'ಇನ್ನೇನೋ' ಏನು ಅಂತ ಆಕೆ ಕಾದಳು. ಬೆಂಗಳೂರಿನ ಆಫೀಸುಗಳಲ್ಲಿ 'ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಾರ್ಕೆಟ್' ಅಂತ ಕೇಳಿಸುತ್ತದಲ್ಲ, ಅದು ಇದೇ 'ಹೋಗಿದ್ದೆ' ಇಂಗ್ಲಿಷ್ ಅಂಗಿ ಹಾಕಿಕೊಂಡು ಬಂದದ್ದು.

ಹಾಗಾದರೆ ನಮ್ಮ 'ಹೋಗಿದ್ದೆ'ಗೆ ಅಲ್ಲಿ ಏನು ಹೇಳಬೇಕು? ನಿನ್ನೆಯ ವಿಷಯವಾದರೆ ಫ್ವಿ: 'ಅಯೆರ್ ಫ್ವಿ ಆಲ್ ಮೆರ್ಕಾದೊ'. ಇವತ್ತು ಬೆಳಿಗ್ಗೆಯ ವಿಷಯವಾದರೆ, ನೀವಿರುವ ವಲೆನ್ಸಿಯಾದಲ್ಲಿ 'ಎ ಇದೊ' ಅನ್ನುತ್ತಾರೆ: 'ಎಸ್ತಾ ಮಞಾನಾ ಎ ಇದೊ ಆಲ್ ಮೆರ್ಕಾದೊ'. ಮೆಕ್ಸಿಕೊ, ಅರ್ಜೆಂಟೀನಾದವರಿಗೆ ಇವತ್ತಿಗೂ ಫ್ವಿ, ನಿನ್ನೆಗೂ ಫ್ವಿ. ಸ್ಪೇನಿನೊಳಗೇ ಗಲೀಸಿಯಾ, ಅಸ್ತೂರಿಯಾಸ್ ಕಡೆ, ಆಚೆ ಕೆನರಿ ದ್ವೀಪಗಳಿಗೆ ಹೋದರೂ ಫ್ವಿಯೇ ಜಾಸ್ತಿ ಕೇಳಿಸುತ್ತದೆ. 'ಅಬಿಯಾ ಇದೊ' ಬೇಕಾಗುವುದು 'ನೀನು ಬರೋ ಹೊತ್ತಿಗೆ ನಾನು ಹೊರಟುಹೋಗಿದ್ದೆ' ಅನ್ನುವಂಥ ಕಡೆ ಮಾತ್ರ: 'ಕ್ವಾಂದೊ ಯೆಗಾಸ್ತೆ, ಯಾ ಮೆ ಅಬಿಯಾ ಇದೊ'.

ನೀವು ಹೋಗಿದ್ದು 1928ರಲ್ಲಿ ಶುರುವಾದ ಆ ದೊಡ್ಡ ಸೆಂಟ್ರಲ್ ಮಾರ್ಕೆಟ್‌ಗೇ ಆಗಿದ್ದರೆ, ಗುಮ್ಮಟದ ಕೆಳಗೆ ನಿಂತು ನೋಡಿದ್ದನ್ನೆಲ್ಲ ಸೇರಿಸಿ ಹೇಳಬಹುದಿತ್ತು. ಆಕೆ ಕಾದದ್ದೂ ಸಾರ್ಥಕವಾಗುತ್ತಿತ್ತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಕೆ ಊಟಕ್ಕೆ ಕರೆದರೆ ನಾವು 'ಬರ್ತೀನಿ' ಅನ್ನುತ್ತೇವೆ. ಅದನ್ನೇ ಅನುವಾದ ಮಾಡಿ 'ಬೆಂಗೊ' ಅನ್ನಬೇಡಿ. ನಾನು ಈಗ ಇರುವ ಜಾಗಕ್ಕೆ ಬರುವುದಿದ್ದರೆ ಮಾತ್ರ ಬೆಂಗೊ. ಇನ್ನೊಬ್ಬರ ಮನೆಗಾದರೆ ಬೊಯ್. ಒಳಗಿಂದ ಯಾರಾದರೂ ಕೂಗಿದಾಗ ನಾವು 'ಬಂದೇ!' ಅನ್ನುತ್ತೇವಲ್ಲ, ಇನ್ನೂ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ, ಆಗಲೇ ಭೂತಕಾಲ. ಅಲ್ಲಿ ಅದು 'ಯಾ ಬೊಯ್!'

ಪ್ರಶ್ನೆ: 'ನಾಳೆ ಹೋಗುತ್ತೇನೆ' ಅನ್ನಲು 'ಇರೆ' ಸರಿಯೋ, 'ಬೊಯ್ ಆ ಇರ್' ಸರಿಯೋ, ಬರೀ 'ಬೊಯ್' ಸರಿಯೋ?
ಬೆಳಗಾವಿಯ ಓದುಗರು

ಉತ್ತರ: ಮೂರೂ ಸರಿ. ಮಾತಿನಲ್ಲಿ 'ಮಞಾನಾ ಬೊಯ್' ಸಾಕು, ನಾವು 'ನಾಳೆ ಹೋಗ್ತೀನಿ' ಅಂದ ಹಾಗೆ. 'ಹೋಗುವೆನು' ಅಂತ ನೀವು ಮನೆಯಲ್ಲಿ ಯಾವತ್ತಾದರೂ ಹೇಳಿದ್ದೀರಾ? ಇರೆ ಅಷ್ಟು ನಾಟಕೀಯ ಅಲ್ಲ, ಆದರೂ ಬರಹದಲ್ಲಿ, ಮಾತು ಕೊಡುವಾಗ ಜಾಸ್ತಿ. ಇದನ್ನು ಕಲಿಯುವುದು ಸುಲಭ, ಯಾಕೆಂದರೆ ಇಷ್ಟು ತಂಟೆಯ ಕ್ರಿಯಾಪದ ಭವಿಷ್ಯತ್ತಿನಲ್ಲಿ ಪೂರ್ತಿ ಸಾಧು. 'ಇರ್' ಅನ್ನು ಹಾಗೇ ಇಟ್ಟು ಬಾಲ ಅಂಟಿಸಿದರಾಯಿತು. ಆ ಬಾಲ ಯಾವುದು ಗೊತ್ತಾ? 'ಎ ಇದೊ'ದಲ್ಲಿ ಬಂತಲ್ಲ 'ಎ', ಅದೇ. ಎ, ಆಸ್, ಆ ಅನ್ನುವ ಸಹಾಯಕ ಕ್ರಿಯಾಪದ ಹಿಂದಿನ ಕಾಲದಲ್ಲಿ ಪಕ್ಕದಲ್ಲಿ ನಿಲ್ಲುತ್ತಿತ್ತು, ಕ್ರಮೇಣ ಅಂಟಿಕೊಂಡುಬಿಟ್ಟಿತು.

ಪ್ರಶ್ನೆ: ಮಗಳು ಶಾಲೆಯಲ್ಲಿ ಮೂರನೇ ಭಾಷೆಯಾಗಿ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ. 'ಇರ್'ನ ಎಲ್ಲ ಕಾಲಗಳ ಪಟ್ಟಿಯನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದೇನೆ. ರಾತ್ರಿ ಅಳುತ್ತಾಳೆ. ಬೇರೆ ದಾರಿ ಇದೆಯೇ?
ಬೆಂಗಳೂರಿನಿಂದ ಒಬ್ಬ ತಾಯಿ

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಇನ್ಸ್‌ಟಿಟ್ಯೂಟೊ ಸೆರ್ವಾಂತೆಸ್ ಅನ್ನುವ ಸ್ಪೇನ್ ಸರ್ಕಾರದ ಸಂಸ್ಥೆ ನಡೆಸುವ 'ದೆಲೆ' ಅನ್ನುವ ಸ್ಪ್ಯಾನಿಷ್ ಭಾಷಾ ಪರೀಕ್ಷೆಯವರೇ ಎಲ್ಲವನ್ನೂ ಒಟ್ಟಿಗೆ ಕೇಳುವುದಿಲ್ಲ. ಮೊದಲ ಮೆಟ್ಟಿಲು ಎ1ಗೆ ವರ್ತಮಾನ ಸಾಕು. ಫ್ವಿ, ಇಬಾ ಬರುವುದು ಎ2ನಲ್ಲಿ. ಇರೆ ಮತ್ತು 'ಹೋಗಲಿ' ಅನ್ನುವ ರೂಪಗಳು ಬಿ1ನಲ್ಲಿ. ನೀವು ಮಗುವಿಗೆ ವರ್ಷಗಟ್ಟಲೆ ಕೆಲಸವನ್ನು ಒಂದು ವಾರದಲ್ಲಿ ಮಾಡಿಸುತ್ತಿದ್ದೀರಿ.

ಬಾಯಿಪಾಠವೇ ಬೇಡ ಅಂತ ನಾನು ಹೇಳುವವಳಲ್ಲ. ಬೊಯ್ ಸಾಲು, ಫ್ವಿ ಸಾಲು ಬಾಯಿಗೆ ಬರಲೇಬೇಕು, ಅವುಗಳಿಗೆ ಅಡ್ಡದಾರಿ ಇಲ್ಲ. ಇಬಾ ಸಾಲಿಗೆ ಪಾಠ ಬೇಡ, ಇಬಾ ಒಂದು ಗೊತ್ತಿದ್ದರೆ ಉಳಿದದ್ದು ತಾನೇ ಬರುತ್ತದೆ. ಅಷ್ಟಕ್ಕೂ ಆ ಕಾಲದಲ್ಲಿ ನಿಯಮ ಮೀರುವ ಕ್ರಿಯಾಪದಗಳು ಇಡೀ ಭಾಷೆಗೆ ಮೂರೇ: ಇರ್, ಸೆರ್ (ಇರು), ಬೆರ್ (ನೋಡು). ಇದನ್ನು ಮಗಳಿಗೆ ಹೇಳಿ, ಅಳು ಅರ್ಧ ನಿಲ್ಲುತ್ತದೆ. ಅವಳಿಗೆ ಇನ್ನೂ ಒಂದು ಅನುಕೂಲ ಇದೆ. ಹೋದನು, ಹೋದಳು, ಹೋಯಿತು ಅಂತ ನಾವು ಮೂರು ಮಾಡುವ ಕಡೆ ಅವರದು ಒಂದೇ ಫ್ವೆ.

ಪಟ್ಟಿ ಮುಚ್ಚಿ ಮಾತಾಡಿಸಿ. ನಿನ್ನೆ ಎಲ್ಲಿಗೆ ಹೋಗಿದ್ದೆ, ಹೋದ ವರ್ಷ ಯಾವ ಬಸ್ಸಿನಲ್ಲಿ ಹೋಗ್ತಿದ್ದೆ, ಭಾನುವಾರ ಅಪ್ಪ ಎಲ್ಲಿಗೆ ಹೋದ್ರು. ಉತ್ತರ ಸ್ಪ್ಯಾನಿಷ್‌ನಲ್ಲಿ ಬರಲಿ. 'ಇಲ್ಲ' ಬರುವ ವಾಕ್ಯಗಳನ್ನು ಬೇಕಂತಲೇ ಕೇಳಿ. ಕನ್ನಡದಲ್ಲಿ ನಾನು, ನೀನು, ಅವರು, ಯಾರಿಗೇ ಆಗಲಿ 'ಹೋಗಲಿಲ್ಲ' ಒಂದೇ. ಹಾಗಾಗಿ ನಮ್ಮ ಮಕ್ಕಳು ಎಲ್ಲರಿಗೂ 'ನೊ ಫ್ವೆ' ಅಂದುಬಿಡುತ್ತಾರೆ. ಅಲ್ಲಿ ನೊ ಫ್ವಿ, ನೊ ಫ್ವಿಸ್ತೆ, ನೊ ಫ್ವೆರೊನ್ ಅಂತ ಬದಲಾಗುತ್ತಲೇ ಇರಬೇಕು.

ಪ್ರಶ್ನೆ: ಮೆಕ್ಸಿಕೊದ ಧಾರಾವಾಹಿಯಲ್ಲಿ ಬೀಳ್ಕೊಡುವಾಗ 'ಕೆ ತೆ ಬಾಯಾ ಬ್ಯೆನ್' ಅನ್ನುತ್ತಾರೆ. ಇದೂ 'ಇರ್' ಏನು?
ದಾವಣಗೆರೆಯ ಓದುಗರು

ಉತ್ತರ: ಹೌದು. ಅಕ್ಷರಶಃ 'ನಿನಗೆ ಚೆನ್ನಾಗಿ ಹೋಗಲಿ', ಅಂದರೆ ಒಳ್ಳೇದಾಗಲಿ. 'ಬಾಯಾ' ಅನ್ನುವುದು ನಮ್ಮ 'ಹೋಗಲಿ'. ವ್ಯಾಕರಣದ ಪುಸ್ತಕಗಳು ಇದಕ್ಕೆ ದೊಡ್ಡ ಹೆಸರಿಟ್ಟು ಹೆದರಿಸುತ್ತವೆ. ನಾವು ಬರಲಿ, ಆಗಲಿ, ಹೋಗಲಿ ಅನ್ನುವುದಿಲ್ಲವೇ? ಅದೇ ಮನಸ್ಥಿತಿ: ಆಸೆ, ಹಾರೈಕೆ, ಅಪ್ಪಣೆ. ವ್ಯತ್ಯಾಸ ಏನಂದರೆ ನಮ್ಮ 'ಅಲಿ' ಹೆಚ್ಚಾಗಿ ಎದುರಿಗಿಲ್ಲದವರಿಗೆ, ಅವರದು ಎಲ್ಲರಿಗೂ. 'ಕ್ಯೆರೊ ಕೆ ಬಾಯಾಸ್' ಅಂದರೆ ನೀನು ಹೋಗಬೇಕು ಅಂತ ನನ್ನಾಸೆ. ಮುಂದೆ 'ಒಹಲಾ' ಬಂದರೂ ಬಾಯಾ ಬರಲೇಬೇಕು. ಒಹಲಾ ಅರಬ್ಬರ ಆಳ್ವಿಕೆಯ ಕಾಲದಲ್ಲಿ ಸೇರಿಕೊಂಡ ಮಾತು, ಅಲ್ಲಾಹನ ಹೆಸರು ಅದರೊಳಗಿದೆ. ಇನ್ನು 'ಹೋಗೋಣ' ಅನ್ನೋಕೆ ಮಾತ್ರ 'ಬಾಯಾಮೊಸ್' ಅನ್ನದೆ 'ಬಾಮೊಸ್' ಅನ್ನುತ್ತಾರೆ. ಬೇಡ ಅನ್ನುವಾಗ ಮತ್ತೆ 'ನೊ ಬಾಯಾಮೊಸ್'. ಇದಕ್ಕೆ ಜಗಳ ಬೇಡ, ಒಪ್ಪಿಕೊಂಡುಬಿಡಿ.

ಪ್ರಶ್ನೆ: ನನ್ನ ಅರ್ಜೆಂಟೀನಾದ ಸಹೋದ್ಯೋಗಿ 'ಹೋಗು' ಅನ್ನಲು 'ಅಂದಾ' ಅನ್ನುತ್ತಾನೆ. ಪುಸ್ತಕದಲ್ಲಿ 'ಬೆ' ಅಂತ ಇದೆ. ಯಾವುದು ಸರಿ?
ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಅವನ ಊರಲ್ಲಿ ಅವನೇ ಸರಿ. ಅಲ್ಲಿ 'ನೀನು' ಅನ್ನೋಕೆ 'ತು' ಬದಲು 'ಬೊಸ್' ಅನ್ನುತ್ತಾರೆ. ಆ ಬೊಸ್‌ಗೆ 'ಇರ್'ನಲ್ಲಿ ಅಪ್ಪಣೆಯ ರೂಪವೇ ಇಲ್ಲ. 'ಅಂದಾರ್' (ನಡೆ) ಅನ್ನುವ ನಾಲ್ಕನೇ ಕ್ರಿಯಾಪದದಿಂದ ಕಡ ತಂದಿದ್ದಾರೆ. ಮೂರು ಸಾಲದಾಯಿತು ನೋಡಿ! ಸ್ಪೇನಿನಲ್ಲಿ ಗುಂಪಿಗೆ 'ಹೊರಡಿ' ಅನ್ನೋಕೆ ವ್ಯಾಕರಣದ ಪ್ರಕಾರ 'ಇದೊಸ್', ಆದರೆ ಜನ ಕೇಳಲೇ ಇಲ್ಲ, 'ಇರೊಸ್' ಅಂತಲೇ ಹೇಳುತ್ತಾ ಬಂದರು. 2017ರಲ್ಲಿ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯೂ ಸೋತು, ಅದನ್ನೂ ಒಪ್ಪಿಕೊಂಡಿತು.

ಪ್ರಶ್ನೆ: 'ಇಬಾ' ಬರೆಯುವಾಗ 'ಬಿ' ಅಕ್ಷರವೋ 'ವಿ' ಅಕ್ಷರವೋ? ಎರಡೂ ಒಂದೇ ಥರ ಕೇಳುತ್ತದೆ. ಇನ್ನೊಂದು, ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಸ್ಪ್ಯಾನಿಷ್ ಓದುಪುಸ್ತಕದಲ್ಲಿ 'ಫ್ವೆ' ಪದದ ಕೊನೆಯ ಅಕ್ಷರದ ಮೇಲೆ ಗೀಟು ಇದೆ. ಆಪ್‌ನಲ್ಲಿ ಇಲ್ಲ. ಯಾರು ತಪ್ಪು?
ಮೈಸೂರಿನ ನಿವೃತ್ತ ಅಧ್ಯಾಪಕರು

ಉತ್ತರ: 'ಬಿ'. 'ವಿ' ಹಾಕಿದರೆ ಅದು ಸ್ಪೇನಿನ ತೆರಿಗೆಯ ಹೆಸರಾಗುತ್ತದೆ, ನಮ್ಮ ಜಿಎಸ್‌ಟಿಯ ಅಣ್ಣ. 2012ರಿಂದ ಸಾಮಾನ್ಯ ದರ ಶೇ. 21. ಅಲ್ಲಿನ ಶಾಲಾಮಕ್ಕಳೂ ಇದರಲ್ಲಿ ತಪ್ಪು ಮಾಡುತ್ತಾರೆ.

ಗೀಟಿನ ವಿಷಯದಲ್ಲಿ ಯಾರದೂ ತಪ್ಪಿಲ್ಲ ಸರ್. ಹಿಂದೆ ಫ್ವಿ, ಫ್ವೆ ಎರಡಕ್ಕೂ ಗೀಟು ಹಾಕುತ್ತಿದ್ದರು. ಒಂದೇ ಉಸಿರಿನ ಪದಕ್ಕೆ ಒತ್ತಿನ ಗುರುತು ಯಾಕೆ ಅಂತ ಅಕಾಡೆಮಿ 1952ರ ಹೊಸ ನಿಯಮಗಳಲ್ಲಿ ಅದನ್ನು ತೆಗೆಯಿತು, 1959ರಿಂದ ಕಡ್ಡಾಯ ಮಾಡಿತು. ನಿಮ್ಮ ಪುಸ್ತಕ ಅದಕ್ಕಿಂತ ಹಿಂದಿನದೋ, ಇಲ್ಲ ಹಳೇ ಅಭ್ಯಾಸ ಬಿಡದವರು ಅಚ್ಚು ಹಾಕಿದ್ದೋ ಇರಬೇಕು. ಓದೋಕೆ ಅದು, ಬರೆಯೋಕೆ ಆಪ್‌ನದು ಇಟ್ಟುಕೊಳ್ಳಿ. 'ಇಬಾಮೊಸ್' ಮೇಲಿನ ಗೀಟು ಮಾತ್ರ ಈಗಲೂ ಇದೆ, ಮೊದಲ 'ಇ' ಮೇಲೆ. ಅದನ್ನು ಬಿಡಬೇಡಿ.